ಕಾವಲಿಯ ಮೊದಲ ಪ್ಯಾನ್‌ಕೇಕ್

ಸಕ್ಕರೆ ಕಾಯಿಲೆಯ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಹೋಟೆಲ್ ಅಡುಗೆಯವನೂ ಅವನ ಹೆಂಡತಿಯೂ ಕೂತಿದ್ದರು. ಅವನ ಎಡಗಾಲಿನಲ್ಲಿ ಒಂದು ಬೆರಳು ಇರಲಿಲ್ಲ.

"ರೀ, ಈ ಸಲವಾದ್ರೂ ಡಾಕ್ಟ್ರಿಗೆ ನಿಜ ಹೇಳಿ."

"ಏನೇ ನಿಜ? ನಾನು ಸಿಹಿ ಮುಟ್ಟಲ್ಲ."

"ಮತ್ತೆ ಬೆಳಿಗ್ಗೆ ಬೆಳಿಗ್ಗೆ ಆ ಪ್ಯಾನ್‌ಕೇಕು?"

"ಅದು ತಿನ್ನೋದಲ್ಲ ಕಣೇ. ಕಾವಲಿ ಕಾಯೋಕೆ ಮುಂಚೆ ಹೊಯ್ದ ಮೊದಲನೇದು ಕೆಟ್ಟೇ ಕೆಡುತ್ತೆ. ಗಿರಾಕಿಗೆ ಕೊಡೋ ಹಾಗಿಲ್ಲ, ಎಸೆಯೋಕೆ ಮನಸ್ಸು ಬರಲ್ಲ. ಅದು ಅಡುಗೆಯವನದ್ದೇ. ಎಲ್ಲಾ ಕಡೆ ಹಾಗೇ."

"ಅದರ ಮೇಲೆ ಸಿರಪ್ಪೂ ಸುರಿಬೇಕಾ?"

"ಬರೀದು ಗಂಟಲಲ್ಲಿ ಇಳಿಯಲ್ಲ. ಹಾಲಿದೆ, ಮೊಟ್ಟೆ ಇದೆ, ಪೌಷ್ಟಿಕ!"

"ಮೈದಾ ಯಾರ ಹೊಟ್ಟೆಗೆ ಹೋಯ್ತು? ಅಲ್ಲ, ನಿಮ್ಮ ಹೋಟ್ಲಲ್ಲಿ ಕಾವಲಿ ಎಷ್ಟಿವೆ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ.

"ನಾಲ್ಕು."

"ನಾಲ್ಕಕ್ಕೂ ಮೊದಲನೇದು ಇರುತ್ತಲ್ಲ."

ಅವನು ನಕ್ಕ. ಅವಳು ನಗಲಿಲ್ಲ.

"ಆಗ ಬೆರಳು ತೆಗೆದ್ರು. ಈಗ ಪಾದ ಅಂದ್ರೆ?"

"ಪಾದಕ್ಕೇನಾಗಿದೆ? ಒಂಚೂರೂ ನೋವಿಲ್ಲ. ಕಲ್ಲು ಇದ್ದ ಹಾಗಿದೆ."

"ನಂಗೆ ಭಯ ಅದಕ್ಕೇ ರೀ. ಕಾಲಿಗೆ ಏನಾದ್ರೂ ಗೊತ್ತಾಗುತ್ತಾ ಅಂತ ಡಾಕ್ಟ್ರು ಕೇಳ್ತಾರೆ."

"ಗೊತ್ತಾಗುತ್ತೆ ಅಂತೀನಿ. ಎಲ್ಲಾ ಗೊತ್ತಾಗುತ್ತೆ."

ನರ್ಸ್ ಒಳಗೆ ಕರೆದಳು. ಅವನು ಎದ್ದು, ಅಂಗಿ ಸರಿಮಾಡಿಕೊಂಡು, ನೆಟ್ಟಗೆ ನಡೆದ. ಎಡಗಾಲಿನ ಚಪ್ಪಲಿ ಜಾರಿ ಬೆಂಚಿನ ಬಳಿಯೇ ಉಳಿದಿತ್ತು. ಅವನು ತಿರುಗಿ ನೋಡಲಿಲ್ಲ; ಬರಿಗಾಲು ತಣ್ಣನೆಯ ನೆಲದ ಮೇಲೆ ಹೆಜ್ಜೆ ಹಾಕುತ್ತಲೇ ಇತ್ತು.

ಅವಳು ಬಗ್ಗಿ ಚಪ್ಪಲಿ ಎತ್ತಿಕೊಂಡಳು. ಅವನನ್ನು ಕರೆಯದೆ ಹಿಂದೆಯೇ ಹೋದಳು.