ಬ್ಲಾಕ್ ಆದ ನಂಬರುಗಳಲ್ಲಿ ಅಣ್ಣನದೂ ಒಂದು

ಹೇಳಿಕೆ ಕೊಡುವವರು: ಬೀದಿಯಲ್ಲಿ ಜಿಪ್ಪಕ್ಕ ಎಂದು ಕರೆಯುವ ಹೆಂಗಸು, ವಯಸ್ಸು 57 ವರ್ಷ. ಉದ್ಯೋಗ: ಚೀಲ, ಸೂಟ್‌ಕೇಸ್ ಮತ್ತು ಜಾಕೆಟ್‌ಗಳ ಜಿಪ್ ರಿಪೇರಿ. ವಾಸ: ಕನ್ನಡಕದ ಅಂಗಡಿಯ ಪಕ್ಕದಲ್ಲಿರುವ ಸ್ವಂತ ರಿಪೇರಿ ಅಂಗಡಿಯ ಹಿಂಭಾಗದ ಎರಡು ಕೋಣೆಯ ಮನೆ. ವಿಷಯ: ಅಣ್ಣ ಕಾಣೆಯಾಗಿರುವ ಬಗ್ಗೆ.

ಈ ದಿನ ಶುಕ್ರವಾರ ಮಧ್ಯಾಹ್ನ 1.50ಕ್ಕೆ ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುತ್ತಿರುವುದೇನೆಂದರೆ:

ನನಗಿರುವುದು ಒಬ್ಬನೇ ಅಣ್ಣ. ವಯಸ್ಸು 66. ಮದುವೆಯಾಗಿಲ್ಲ. ಡ್ರಮ್ ತಯಾರಿಸುವ ಕಾರ್ಖಾನೆಯಲ್ಲಿ ತಗಡು ಬಡಿಯುವ ಯಂತ್ರದ ಮುಂದೆ ಮೂವತ್ತು ವರ್ಷ ನಿಂತು ಕಿವಿ ಕಳೆದುಕೊಂಡವನು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಅರ್ಧ ಕೇಳುತ್ತದೆ, ಇನ್ನರ್ಧವನ್ನು ಅವನೇ ಊಹಿಸಿಕೊಂಡು ಏನೋ ಉತ್ತರ ಕೊಡುತ್ತಾನೆ. ಕಿವಿಯ ಮಿಷನ್ ಕೊಡಿಸಿದರೆ ಎರಡು ದಿನ ಹಾಕಿಕೊಂಡು, ಊರೆಲ್ಲ ಸೇರಿ ನನ್ನನ್ನೇ ಬೈದ ಹಾಗೆ ಕೇಳುತ್ತೆ, ಬೇಡ ಎಂದು ಡಬ್ಬಿಗೆ ಹಾಕಿಟ್ಟ. ನನ್ನ ಮನೆಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ, ಒಂದು ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಇದ್ದ ಎಂದು ಬರೆಯಬೇಡಿ, ಇದ್ದಾನೆ ಎಂದೇ ಬರೆಯಿರಿ ಎಂದು ಹೇಳಿದ್ದೇನೆ.

ಅವನಿಗೆ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ. ಮೆಸೇಜ್ ಬರೆಯೋಣವೆಂದರೆ ತಗಡು ಹಿಡಿದು ದಪ್ಪಗಾದ ಬೆರಳು, ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಆದ್ದರಿಂದ ಹನ್ನೊಂದು ವರ್ಷದಿಂದ ನಮ್ಮಿಬ್ಬರ ಮಾತುಕತೆಯೆಲ್ಲ ಮಿಸ್ಡ್ ಕಾಲ್‌ನಲ್ಲೇ. ಬೆಳಿಗ್ಗೆ 7 ಗಂಟೆಗೆ ಅವನು ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಾನೆ. ಎದ್ದಿದ್ದೇನೆ, ಚೆನ್ನಾಗಿದ್ದೇನೆ ಎಂದರ್ಥ. ನಾನು ಒಂದು ರಿಂಗ್ ವಾಪಸು ಕೊಡುತ್ತೇನೆ. ನಾನೂ ಇದ್ದೇನೆ ಎಂದರ್ಥ. ಅವನದು ಹಳೆಯ ಬಟನ್ ಫೋನ್. ಅಂಗಿಯ ಎಡಜೇಬಿನಲ್ಲಿರುತ್ತದೆ, ನಡುಗಿದರೆ ಎದೆಗೆ ಗೊತ್ತಾಗುತ್ತದೆ. ಒಂದು ರಿಂಗ್ ಕೊಟ್ಟು ಕಟ್ ಮಾಡಿ, ಹಿಂದೆಯೇ ಇನ್ನೊಂದು ಕೊಟ್ಟರೆ, ಏನೋ ಆಗಿದೆ, ಇದ್ದ ಹಾಗೇ ಹೊರಟು ಬಾ ಎಂದು. ನನ್ನ ಗಂಡ ತೀರಿಕೊಂಡ ದಿನ ನಾನು ಎರಡು ಕೊಟ್ಟಿದ್ದೆ. ಅಣ್ಣ ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ ಹಾಕಿಕೊಂಡು ಓಡಿ ಬಂದಿದ್ದ. ಅವನು ಮಾತ್ರ ಇಷ್ಟು ವರ್ಷದಲ್ಲಿ ಒಮ್ಮೆಯೂ ಎರಡು ಕೊಟ್ಟವನಲ್ಲ. ಜ್ವರ ಬಂದು ಹಾಸಿಗೆ ಹಿಡಿದಾಗಲೂ ಒಂದೇ ಕೊಟ್ಟ. ಬಾ ಎಂದು ಕರೆಯುವುದು ಅವನ ಜಾಯಮಾನಕ್ಕೇ ಒಗ್ಗುವುದಿಲ್ಲ.

ಅಣ್ಣನ ನಂಬರನ್ನು ನನ್ನ ಸ್ಮಾರ್ಟ್‌ಫೋನಿನಲ್ಲಿ ಹೆಸರು ಹಾಕಿ ಉಳಿಸಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಹೇಳುವುದೇನೆಂದರೆ, ಬಾಯಿಪಾಠ ಬರುವ ನಂಬರ್ ಉಳಿಸುವ ಅಭ್ಯಾಸ ನನಗಿಲ್ಲ. ಮರೆತುಹೋಗುವವರ ಹೆಸರು ಮಾತ್ರ ಹಾಕಿಕೊಳ್ಳುತ್ತೇನೆ: ಜಿಪ್ ತಂದುಕೊಡುವವನು, ನಲ್ಲಿ ರಿಪೇರಿಯವನು, ಸೂಟ್‌ಕೇಸ್ ಕೊಟ್ಟು ಎರಡು ವರ್ಷವಾದರೂ ಬಂದು ಒಯ್ಯದ ಒಬ್ಬ ಮಹಾನುಭಾವ. ಒಡಹುಟ್ಟಿದವನ ನಂಬರನ್ನು ಯಂತ್ರಕ್ಕೆ ಹೇಳಿಕೊಡುವಷ್ಟು ನನಗಿನ್ನೂ ಅರಳುಮರಳು ಆಗಿಲ್ಲ ಎಂದು ಎಲ್ಲರೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಕಳೆದ ಶನಿವಾರ ಸಂಜೆ 4.30ರ ಹೊತ್ತಿಗೆ ಒಬ್ಬ ಗಂಡಸು ಕರೆ ಮಾಡಿ, ನಿಮ್ಮ ಹೆಸರಿಗೆ ಬಂದ ಪಾರ್ಸೆಲ್‌ನಲ್ಲಿ ಕಳ್ಳಮಾಲು ಸಿಕ್ಕಿದೆ, ಮನೆ ಬಿಟ್ಟು ಕದಲಿದರೆ ಬಂಧಿಸುತ್ತೇವೆ ಎಂದು ಗದರಿಸಿದ. ಅದಕ್ಕೂ ಮೊದಲು ತಿಂಗಳಿಡೀ ಅಂಥವೇ ಬೇರೆ ಬೇರೆ ಕರೆ ಬಂದು ತಲೆ ಚಿಟ್ಟು ಹಿಡಿದಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಏನೂ ಕದಿಯದಿದ್ದರೂ ಹೆಗಲು ಮುಟ್ಟಿ ನೋಡಿಕೊಂಡು, ಇದೇ ಠಾಣೆಯ ಸಹಾಯ ಮೇಜಿಗೆ ಬಂದೆ. ಅಲ್ಲಿದ್ದ ಮಹಿಳಾ ಪೇದೆ ನನ್ನನ್ನು ಕೂರಿಸಿ ನೀರು ಕೊಟ್ಟು, ಇದೆಲ್ಲ ಮೋಸ ಅಕ್ಕ, ನಿಮ್ಮ ಮೇಲೆ ಯಾವ ಕೇಸೂ ಇಲ್ಲ ಎಂದು ಧೈರ್ಯ ಹೇಳಿದರು. ಆಮೇಲೆ ನನ್ನ ಫೋನ್ ಇಸಿದುಕೊಂಡು ಬಂದ ಕರೆಗಳನ್ನು ನೋಡಿ, ಹೆಸರಿಲ್ಲದ ನಂಬರ್‌ಗಳನ್ನೆಲ್ಲ ಬ್ಲಾಕ್ ಮಾಡಿಬಿಡ್ಲಾ ಅಕ್ಕ, ಮತ್ತೆ ಕಾಟ ಇರಲ್ಲ ಎಂದು ಕೇಳಿದರು. ಮಾಡಮ್ಮ, ಒಂದನ್ನೂ ಬಿಡಬೇಡ ಎಂದು ನಾನೇ ಹೇಳಿದೆ. ಹೆಸರಿಲ್ಲದವರೆಂದರೆ ಆ ಹೊತ್ತಿನಲ್ಲಿ ನನ್ನ ಪಾಲಿಗೆ ಕಳ್ಳರು. ಅಣ್ಣನಿಗೂ ಅದರಲ್ಲಿ ಹೆಸರಿಲ್ಲ ಎಂಬುದು ಹೊಳೆಯಲೇ ಇಲ್ಲ. ಆ ಮಹಿಳಾ ಪೇದೆಯವರೇ ಈಗ ಈ ಹೇಳಿಕೆಯನ್ನು ಬರೆದುಕೊಳ್ಳುತ್ತಿದ್ದಾರೆ. ಇಲ್ಲಿಗೆ ಬಂದಾಗ ಅವರ ಪೆನ್ನು ನಿಂತಿತು. ಇದನ್ನೂ ಬರಿ ಮಗಳೇ ಎಂದೆ. ಬರೆದಿದ್ದಾರೆ.

ಭಾನುವಾರ ಅಣ್ಣ ಊಟಕ್ಕೆ ನಮ್ಮ ಮನೆಗೇ ಬರುತ್ತಾನೆ, ಆದ್ದರಿಂದ ಅಂದು ರಿಂಗ್ ಇರುವುದಿಲ್ಲ. ಮೊನ್ನೆ ಭಾನುವಾರವೂ ಬಂದ. ಹಿಂದಿನ ವಾರ ಅವನು ಒಲೆ ಆರಿಸದೆ ಮಲಗಿ, ಪಾತ್ರೆ ಸುಟ್ಟು, ಹೊಗೆ ನೋಡಿ ಇಸ್ತ್ರಿ ಅಂಗಡಿಯವರು ಮೇಲೆ ಓಡಿದ್ದ ಸಂಗತಿ ನನಗೆ ತಿಳಿದಿತ್ತು. ಇನ್ನು ಒಬ್ಬನೇ ಇರುವುದು ಸಾಕು, ನನ್ನ ಹಿಂದಿನ ಕೋಣೆಗೆ ಬಂದುಬಿಡು ಎಂದು ಅವನ ಬಲಗಿವಿಗೆ ಕೂಗಿದೆ. ನಾನೇನು ರಿಪೇರಿಗೆ ಬಂದ ಚೀಲಾನಾ, ಮೂಲೇಲಿ ಇಟ್ಕೊಳ್ಳೋಕೆ ಎಂದು ಅವನು ಕೇಳಿದ. ಚೀಲ ಆಗಿದ್ರೆ ಜಿಪ್ ಎಳೆದು ಬಾಯಾದ್ರೂ ಮುಚ್ಚಿಸ್ತಿದ್ದೆ ಎಂದು ನಾನು ಹೇಳಿದೆ. ಆ ಮಾತು ಮಾತ್ರ ಅವನಿಗೆ ಒಂದಕ್ಷರ ಬಿಡದೆ ಕೇಳಿತು. ಅರ್ಧ ಊಟದಲ್ಲೇ ಕೈ ತೊಳೆದು, ಮಧ್ಯಾಹ್ನ 1.40ಕ್ಕೆ ಎದ್ದು ಹೋದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು.

ಸೋಮವಾರ ಬೆಳಿಗ್ಗೆ 7ಕ್ಕೆ ರಿಂಗ್ ಬರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡೆ. ಒಮ್ಮೆ ಅವನ ಹಳೆಯ ಕೋಟನ್ನು ಕೇಳದೆ ಚಿಕ್ಕದು ಮಾಡಿದ್ದಕ್ಕೆ ಐದು ದಿನ ಮಾತು ಬಿಟ್ಟಿದ್ದ, ಅಂದರೆ ರಿಂಗ್ ಬಿಟ್ಟಿದ್ದ. ಮಂಗಳವಾರವೂ ಬರಲಿಲ್ಲ. ನಾನೇ ಮೊದಲು ಒಂದು ಕೊಡಬಹುದಿತ್ತು. ಮೊದಲು ಅಣ್ಣ, ಆಮೇಲೆ ನಾನು ಎಂಬುದು ನಮ್ಮ ಕ್ರಮ, ಅದನ್ನು ಯಾಕೆ ಮುರಿಯಲಿ ಎಂದು ಕೂತೆ. ಬುಧವಾರ ಬೆರಳು ಫೋನಿನ ಮೇಲಿತ್ತು, ಒತ್ತಲಿಲ್ಲ. ಗುರುವಾರ ಬೆಳಿಗ್ಗೆ ಫೋನನ್ನು ಎದುರಿಗಿಟ್ಟುಕೊಂಡೇ ಕಾಫಿ ಕುಡಿದೆ. ಮುನಿಸು ಅವನದೆಂದು ನಾನು ತಿಳಿದುಕೊಂಡಿದ್ದೆ.

ಈ ದಿನ ಬೆಳಿಗ್ಗೆ 11 ಗಂಟೆಗೆ ಒಂದು ಪ್ರಯಾಣದ ಚೀಲಕ್ಕೆ ಜಿಪ್ಪನ್ನು ಒಳಮುಖವಾಗಿ ಹೊಲಿದುಬಿಟ್ಟೆ. ಈ ಕಸುಬಿನಲ್ಲಿ ನನ್ನ ಕೈಯಿಂದ ಅಂಥ ತಪ್ಪು ಆಗಿದ್ದಿಲ್ಲ. ಹಾಳಾಗಿ ಹೋಗಲಿ ಜಂಬ ಎಂದು ಅಂಗಡಿ ಮುಚ್ಚಿ, 11.30ರ ಬಸ್ಸು ಹಿಡಿದು ಅಣ್ಣನ ಕೋಣೆಗೆ ಹೋದೆ. ಬಾಗಿಲಿಗೆ ಬೀಗವಿತ್ತು. ಕೆಳಗಿನ ಇಸ್ತ್ರಿ ಅಂಗಡಿಯವರು ನನ್ನನ್ನು ಕಂಡು ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ, ಅಯ್ಯೋ ನೀವು ಆರಾಮಾಗಿದ್ದೀರಲ್ಲ ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು: ಈ ದಿನ ಬೆಳಿಗ್ಗೆ 7.30ಕ್ಕೆ ಅಣ್ಣ ಛತ್ರಿ ಹಿಡಿದು ಕೆಳಗಿಳಿದು ಬಂದ. ಮುಖ ಒಣಗಿತ್ತು. ನಿನ್ನೆ ಎರಡು ಕೊಟ್ಟೆ, ಆದ್ರೂ ಬರಲಿಲ್ಲ ಎಂದ. ಇಸ್ತ್ರಿಗೆ ಎರಡು ಅಂಗಿ ಕೊಟ್ಟಿದ್ದನ್ನು ಹೇಳುತ್ತಿದ್ದಾನೆಂದು ಅವರು ಬಟ್ಟೆಯ ಗಂಟೆಲ್ಲ ಬಿಚ್ಚಿ ಹುಡುಕತೊಡಗಿದರಂತೆ. ಅಂಗಿ ಅಲ್ಲಯ್ಯ, ನನ್ನ ತಂಗಿ, ಎರಡು ಕೊಟ್ರೂ ಬರಲಿಲ್ಲ ಅಂದ್ರೆ ಅವಳಿಗೇ ಏನೋ ಆಗಿದೆ, ನೋಡ್ಕೊಂಡು ಬರ್ತೀನಿ ಎಂದು ಹೇಳಿ ಮುಖ್ಯರಸ್ತೆಯ ಕಡೆಗೆ ನಡೆದನಂತೆ.

ನನಗೆ ಎರಡೂ ಬಂದಿಲ್ಲ, ಒಂದೂ ಬಂದಿಲ್ಲ ಎಂದು ನಾನು ಅವರ ಮುಂದೆ ನಿಂತು ಅತ್ತೆ. ಅಲ್ಲಿಂದಲೇ ಅಣ್ಣನ ನಂಬರಿಗೆ ಹಲವು ಸಲ ಕರೆ ಮಾಡಿದೆ. ಪೂರ್ತಿ ರಿಂಗಾಗಿ ನಿಲ್ಲುತ್ತಿತ್ತು, ತಿರುಗಿ ಏನೂ ಬರಲಿಲ್ಲ. ಅವನು ಬರಬೇಕಾದ ದಾರಿಯಲ್ಲೇ ಬಸ್ಸಿನ ಕಿಟಕಿಯಿಂದ ಎರಡೂ ಬದಿ ನೋಡುತ್ತ ಅಂಗಡಿಗೆ ವಾಪಸಾದೆ. ಅಲ್ಲಿಗೂ ಅವನು ಬಂದಿರಲಿಲ್ಲ ಎಂದು ಕನ್ನಡಕದ ಅಂಗಡಿಯವರು ಹೇಳಿದರು. ಅಲ್ಲಿಂದ ನೇರವಾಗಿ ಠಾಣೆಗೆ ಬಂದೆ.

ಇಲ್ಲಿ ಮಹಿಳಾ ಪೇದೆಯವರು ಅಣ್ಣನ ನಂಬರ್ ಕೇಳಿದರು. ನಾನು ಬಾಯಿಪಾಠ ಒಪ್ಪಿಸಿದೆ. ಅದನ್ನು ಬರೆದುಕೊಂಡು, ಅಕ್ಕ ನಿಮ್ಮ ಫೋನ್ ಕೊಡಿ ಎಂದರು. ಕರೆಯ ಗುರುತನ್ನು ಒತ್ತಿ, ಮೇಲೆ ಮೂಲೆಯಲ್ಲಿರುವ ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಬ್ಲಾಕ್ ಮಾಡಿದ ನಂಬರುಗಳು ಎಂಬಲ್ಲಿ ತೆರೆದರು. ಉದ್ದಕ್ಕೆ ನಂಬರುಗಳಿದ್ದವು, ಪ್ರತಿಯೊಂದರ ಪಕ್ಕದಲ್ಲಿ ಒಂದು ಸಣ್ಣ ಅಡ್ಡಗೆರೆ ಗುರುತು. ಪಾರ್ಸೆಲ್‌ನವನು, ಲಾಟರಿಯವನು, ಇನ್ನೂ ಯಾರ್ಯಾರೋ. ಅವರ ನಡುವೆ ಅಣ್ಣನ ನಂಬರ್. ಕಳ್ಳರನ್ನು ತುಂಬಿದ ಲಾಕಪ್ಪಿನಲ್ಲಿ ನನ್ನ ಅಣ್ಣನನ್ನು ಕೂರಿಸಿದ ಹಾಗೆ ಕಂಡಿತು. ದಿನಾ ಒಂದೇ ರಿಂಗ್ ಕೊಟ್ಟು ಕಟ್ ಮಾಡುವ ನಂಬರ್ ನೋಡಿ, ವಾಪಸ್ ಕರೆ ಮಾಡಿಸಿ ಮೋಸ ಮಾಡುವವರದು ಎಂದೇ ಅಂದುಕೊಂಡೆ ಅಕ್ಕ ಎಂದು ಪೇದೆಯವರು ಹೇಳಿದರು. ಅವರ ಕಣ್ಣು ತುಂಬಿತ್ತು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಒಂದನ್ನೂ ಬಿಡಬೇಡ ಎಂದವಳು ನಾನು.

ಅಡ್ಡಗೆರೆ ಗುರುತನ್ನು ಒತ್ತಿ ಅವರು ಆ ನಂಬರನ್ನು ಬಿಡಿಸಿದರು. ತಡೆದ ಕರೆಗಳು ಬೇರೊಂದು ಕಡೆ ದಾಖಲಾಗಿರುತ್ತವೆ ಎಂದು ಅದನ್ನೂ ತೆರೆದು ತೋರಿಸಿದರು. ಸೋಮವಾರ 7ಕ್ಕೆ ಒಂದು. ಮಂಗಳವಾರ 7ಕ್ಕೆ ಒಂದು. ಬುಧವಾರ ಒಂದು. ಅವನು ಮುನಿಸಿಕೊಂಡೇ ಇರಲಿಲ್ಲ. ಅರ್ಧ ಊಟ ಬಿಟ್ಟು ಹೋದವನು ಮರುದಿನ ಬೆಳಿಗ್ಗೆಯೇ ಎಲ್ಲ ಮರೆತು, ಇದ್ದೇನೆ ಎಂದು ಹೇಳಿದ್ದ, ಇದ್ದೀಯಾ ಎಂದು ಕೇಳಿದ್ದ. ಗುರುವಾರ 7ಕ್ಕೆ ಬೆನ್ನುಬೆನ್ನಿಗೆ ಎರಡು. ತನಗಾಗಿ ಎಂದೂ ಕೊಡದಿದ್ದ ಎರಡನ್ನು, ನಾನು ಬದುಕಿದ್ದರೆ ಓಡಿ ಬಂದೇ ಬರುತ್ತೇನೆಂದು ಕೊಟ್ಟಿದ್ದಾನೆ. ನಾನು ಹೋಗಲಿಲ್ಲ, ಕಾಫಿ ಕುಡಿಯುತ್ತಿದ್ದೆ.

ಅದರ ಕೆಳಗೆ ಈ ದಿನ ಶುಕ್ರವಾರ 9.05ರಿಂದ 9.20ರ ನಡುವೆ ಅದೇ ನಂಬರಿನಿಂದ ನಾಲ್ಕು ಕರೆಗಳು. ನಮ್ಮ ಲೆಕ್ಕದಲ್ಲಿ ನಾಲ್ಕು ಎಂಬುದೇ ಇಲ್ಲ. ಹಾಗಾದರೆ ಆ ಹೊತ್ತಿಗೆ ಫೋನ್ ಅಣ್ಣನ ಕೈಯಲ್ಲಿರಲಿಲ್ಲ ಎಂದು ನಾನು ಹೇಳಿದೆ. ಠಾಣೆಯವರು ಕೂಡಲೇ ಆಸ್ಪತ್ರೆಗಳಿಗೆ ಕರೆ ಮಾಡಿ ವಿಚಾರಿಸತೊಡಗಿದರು. ಅಷ್ಟರಲ್ಲಿ ಈ ಹೇಳಿಕೆ ಬರೆಯಲು ಶುರು ಮಾಡಲಾಯಿತು.

ಈ ಹೇಳಿಕೆಯನ್ನು ಇಲ್ಲಿಯವರೆಗೆ ಬರೆಸಿದಾಗ, ಮಧ್ಯಾಹ್ನ 2.50ಕ್ಕೆ, ಮೇಜಿನ ಮೇಲಿದ್ದ ನನ್ನ ಫೋನಿಗೆ ಅಣ್ಣನ ನಂಬರಿನಿಂದ ಕರೆ ಬಂತು. ಒಂದು ರಿಂಗಿಗೆ ನಿಲ್ಲಲಿಲ್ಲ. ಬಡಿದುಕೊಳ್ಳುತ್ತಲೇ ಇತ್ತು. ಎತ್ತಲು ಭಯವಾಯಿತು. ಪೇದೆಯವರು ಎತ್ತಿ ನನ್ನ ಕಿವಿಗೆ ಹಿಡಿದರು. ಆಸ್ಪತ್ರೆಯೊಂದರ ನರ್ಸ್ ಮಾತಾಡಿದರು. ಬೆಳಿಗ್ಗೆ ರಸ್ತೆ ದಾಟುತ್ತಿದ್ದ ಮುದುಕರಿಗೆ ಬೈಕ್ ತಾಗಿದೆ, ಹಾರ್ನ್ ಹೊಡೆದರೂ ಸರಿಯಲಿಲ್ಲವಂತೆ, ತಲೆಗೂ ಸೊಂಟಕ್ಕೂ ಪೆಟ್ಟಾಗಿದೆ ಎಂದರು. ಅವರ ಫೋನಿನಲ್ಲಿ ಇದ್ದದ್ದು ಇದೊಂದೇ ನಂಬರ್, ಬೆಳಿಗ್ಗೆ ಎಷ್ಟು ಸಲ ಮಾಡಿದರೂ ಕರೆ ಹೋಗಲಿಲ್ಲ, ಆಮೇಲೆ ಫೋನ್ ಬಟ್ಟೆಯ ಜೊತೆ ಚೀಲಕ್ಕೆ ಹೋಗಿತ್ತು, ಈಗ ತೆಗೆದು ಇನ್ನೊಂದು ಸಲ ನೋಡೋಣ ಎಂದು ಮಾಡಿದೆ ಎಂದರು. ಜೀವ ಇದೆಯಾ ಎಂದು ಕೇಳಿದೆ. ಇದೆ, ಆದರೆ ಎಷ್ಟು ಕೂಗಿದರೂ ಕಣ್ಣು ತೆರೆಯುತ್ತಿಲ್ಲ, ಕೈ ಮಾತ್ರ ಎದೆಯ ಮೇಲೆ ತಡಕಾಡುತ್ತಿದೆ, ಅಲ್ಲಿ ನೋವಿರಬೇಕು ಎಂದರು.

ಅದು ನೋವಲ್ಲಮ್ಮ, ಅವನು ಫೋನ್ ಹುಡುಕುತ್ತಿದ್ದಾನೆ ಎಂದು ನಾನು ಹೇಳಿದೆ. ಅವನಿಗೆ ಕಿವಿ ಕೇಳುವುದಿಲ್ಲ, ಕೂಗಬೇಡಿ, ಆ ಫೋನನ್ನು ಅವನ ಎದೆಯ ಎಡಭಾಗದಲ್ಲಿಟ್ಟು ಕೈಯನ್ನು ಅದರ ಮೇಲಿಡಿ, ಅಷ್ಟು ಸಾಕು ಎಂದು ಬೇಡಿಕೊಂಡು ಕರೆ ಮುಗಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಒಂದು ರಿಂಗ್ ಕೊಟ್ಟು ಕಟ್ ಮಾಡಿದೆ. ಸೋಮವಾರದಿಂದ ಬಾಕಿಯಿದ್ದ ಉತ್ತರ ಅದು.

2.58ಕ್ಕೆ ನನ್ನ ಫೋನ್ ಒಮ್ಮೆ ರಿಂಗಾಗಿ ನಿಂತಿತು. ಇದ್ದಾನೆ ಎಂದು ಪೇದೆಯವರ ಕೈ ಹಿಡಿದುಕೊಂಡೆ. ನಮ್ಮ ಲೆಕ್ಕದ ವಿಷಯ ನಾನು ನರ್ಸ್‌ಗೆ ಹೇಳಿರಲಿಲ್ಲ. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅದು ಇನ್ನೊಮ್ಮೆ ರಿಂಗಾಗಿ ನಿಂತಿತು.

ಎರಡು. ಅಣ್ಣ ನನ್ನನ್ನು ಬಾ ಎಂದಿದ್ದಾನೆ. ಆದ್ದರಿಂದ ಹೇಳಿಕೆಯನ್ನು ಇಲ್ಲಿಗೇ ನಿಲ್ಲಿಸಿ ಹೊರಟಿದ್ದೇನೆ.

ಮೇಲೆ ಬರೆದಿರುವುದು ನಾನು ಹೇಳಿದ್ದೇ, ಅದರಲ್ಲಿ ಸುಳ್ಳಿಲ್ಲ. ಓದಿಸಿ ಕೇಳಲು ಈಗ ಪುರುಸೊತ್ತಿಲ್ಲ. ಬರೆದವರ ಮೇಲೆ ನಂಬಿಕೆಯಿಟ್ಟು ಸಹಿ ಹಾಕಿದ್ದೇನೆ. ಅವರೇ ಜೀಪಿನಲ್ಲಿ ನನ್ನ ಜೊತೆ ಬರುತ್ತಿದ್ದಾರೆ.

ಸ್ಥಳ: ಠಾಣೆಯ ಸಹಾಯ ಮೇಜು
ದಿನ: ಶುಕ್ರವಾರ, ಮಧ್ಯಾಹ್ನ 3 ಗಂಟೆ
ಸಹಿ: ಜಿಪ್ಪಕ್ಕ (ಕಾಣೆಯಾಗಿದ್ದವರ ತಂಗಿ)