ದಿವಾನರ ಬಂಗ್ಲೆದಾಗಿನ ವೀಳ್ಯ

ದೀಪ ಸಣ್ಣ ಮಾಡ್ರಿ... ಮೆಲ್ಲಕ ಹೇಳತೀನಿ. ನಗೋರು ಈಗ ಎದ್ದು ಹೋಗ್ರಿ. ಆಮ್ಯಾಲ ನನ್ನ ಸೆರಗು ಹಿಡಕೊಂಡು, ಚಂದ್ರವ್ವಾ, ನಲ್ಲಿ ತನಕ ಬಾ ಅನಬ್ಯಾಡ್ರಿ.

ಇದು ನಮ್ಮ ಮುರಿಗೆಪ್ಪಗ ಆದದ್ದು. ನನ್ನ ಚಿಗವ್ವನ ಮಗ. ಇಲ್ಲೇ ಸಯನ್ ಚಾಳಿನ್ಯಾಗ ನಮ್ಮ ಬಾಜೂ ಖೋಲಿ. ವಿಜಾಪುರದಿಂದ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಮಗನ ಜವಳದ ಊಟಕ್ಕ ಕರ್ಯಾಕ ಚೆಂಬೂರಿಗೆ ಹೋಗಿದ್ದ. ಮಾತಿಗೆ ಕೂತು ರಾತ್ರಿ ಕಡೀ ಬಸ್ ತಪ್ಪಿಸಿಕೊಂಡ. ನಡಕೋತ ಹೊಂಟ.

ಆ ದಾರ್ಯಾಗ ಉಪ್ಪಿನ ಗದ್ದಿ ದಾಟಿದರ ಒಂದು ಆಲದ ಮರ. ಅದರ ಹಿಂದ ದಿವಾನರ ಬಂಗ್ಲೆ. ನಮ್ಮ ಕಡೀ ಒಂದು ಸಣ್ಣ ಸಂಸ್ಥಾನದ ದಿವಾನರು ಹವಾ ಬದಲಿಗೆ ಅಂತ ಕಟ್ಟಿಸಿದ್ದು. ಖರೇ ನಡೀತಿದ್ದದ್ದು ಮೀಟಿಂಗು. ಜರ್ಮನ್ ಲಡಾಯಿ ಸುರು ಆಗೂ ಮುಂಚೆ ದೇಸಾಯರು, ವಕೀಲರು ಮೋಟಾರಿನ್ಯಾಗ ಬರೋರು. ಬಾಗಿಲ ಮುಚ್ಚಿ ಮಾತಾಡೋರು. ಕಡೀಕ ದಿವಾನರು ಎಲಿ-ಅಡಿಕಿ ತಬಕು ಹಿಡೀತಿದ್ದರು. ಯಾರು ವೀಳ್ಯ ತಗೊಂಡರೋ, ಅವರ ಮನೀ ಒಬ್ಬ ಮಗ ಮಿಲ್ಟ್ರಿಗೆ. ನನ್ನ ಮಾವ ಅಲ್ಲಿ ಡ್ರೈವರ್ ಇದ್ದರು, ಅವರ ಹೇಳಿದ್ದು. ಹಂಗ ಹೋದ ಮಕ್ಕಳಾಗ ಒಬ್ಬರೂ ತಿರುಗಿ ಬರಲಿಲ್ಲ. ದಿವಾನರೂ ಸತ್ತರು. ಬಂಗ್ಲೆಗೆ ಬೀಗ ಬಿತ್ತು.

ಮುರಿಗೆಪ್ಪಗ ಇದೇನೂ ಗೊತ್ತಿಲ್ಲ, ಪಾಪ.

ಮೊದಲ ಕೇಳಿಸಿದ್ದು... ಕರ್ರ್... ಕರ್ರ್... ಕುರ್ಚಿ ಎಳೆಯೋ ಸಪ್ಪಳ. ಆಮ್ಯಾಲ ಟಿಣ್... ಚಾದ ಕಪ್ಪು ಬಸಿಗೆ ತಾಗಿದ್ದು. ತಿರುಗಿ ನೋಡಿದರ ಬಂಗ್ಲೆ ತುಂಬ ದೀಪ! ಮೆಟ್ಟಲ ಮ್ಯಾಲ ಬಿಳಿ ರುಮಾಲಿನ ಮುದುಕ.

"ಬರ್ರಿ ಮುರಿಗೆಪ್ಪನವರ... ನೀವೊಬ್ಬರ ಬರೋದಿತ್ತು."

ಈ ಮುಂಬೈದಾಗ ಹೆಸರು ಹಿಡದು, ಅದೂ ನಮ್ಮ ಮಾತಿನ್ಯಾಗ ಕರದರ ಯಾರು ನಿಲ್ಲೂದಿಲ್ಲ? ಹಿಗ್ಗಿ ಒಳಗ ಹೋದ. ಉದ್ದನ್ನ ಮೇಜು. ಸುತ್ತ ಕುರ್ಚಿ... ಎಲ್ಲಾ ಖಾಲಿ. ಕಪ್ಪಿನ್ಯಾಗ ಮಾತ್ರ ಚಾ ಹಬಿ ಆಡತಿತ್ತು.

ಮುದುಕ ತಬಕು ಮುಂದ ಮಾಡಿದ. "ತಗೋರಿ."

ಕೊಟ್ಟ ಎಲಿ-ಅಡಿಕಿ ಬ್ಯಾಡ ಅಂದರ ಕೊಟ್ಟವರಿಗೆ ಅಪಮಾನ. ನಮ್ಮ ಮಂದಿ ಅನ್ನಂಗಿಲ್ಲ. ಎರಡೂ ಕೈ ಒಡ್ಡಿದ, ಹುಚ್ಚಪ್ಪ! ತಗೊಂಡ.

ಆ ಖಾಲಿ ಕುರ್ಚಿ ಎಲ್ಲಾ ಒಮ್ಮೆಲೆ ಹಿಂದ ಸರದವು... ಸುತ್ತ ಕೂತವರು ಎದ್ದು ನಿಂತಂಗ. ದೀಪ ಹೋತು.

ಬಿದ್ದು ಎದ್ದು ಓಡಿ ಬಂದ. ಅವ ಬರೋ ತನಕ ನಾ ಅವರ ಖೋಲ್ಯಾಗ ಕೂತಿದ್ದೆ, ನಾನ ಬಾಗಿಲ ತಗದೆ. ಮುಚ್ಚಿದ ಮುಷ್ಟಿ ಬಿಡಿಸಿ ನೋಡಿದರ... ಎಲಿ.

"ತಿಂದೀಯೇನೋ?"

"ಇಲ್ಲಕ್ಕ..."

ದಿವಾನರ ವೀಳ್ಯ ಅಂದ್ರ ಏನಂತ ಹೇಳಿದೆ. ಅವನ ಹೆಂಡತಿ ಕಾಶವ್ವ ಕೌದಿ ಹೊದ್ದು ಮಲಗಿದ್ದ ಶಿವಪುತ್ರನ ಕಡೆ ನೋಡಿದಳು. ಐದು ವರ್ಷದ ಕೂಸು. ಒಬ್ಬನ ಒಬ್ಬ ಮಗ.

ಕಾಶವ್ವ ಅಂದ್ರ ಬೆಂಕಿ. ಕೂಸನ್ನ ಕೌದಿ ಸಮೇತ ನನ್ನ ತೊಡಿ ಮ್ಯಾಲ ಹಾಕಿದಳು. ಎಲಿ ಕಸಕೊಂಡಳು, ಗಂಡನ ರಟ್ಟಿ ಹಿಡದು ಕತ್ತಲಾಗ ನಡದಳು. ನಾ ಚಿಲಕ ಹಾಕಿ ಹುಡುಗನ ಕೈ ಗಟ್ಟಿ ಹಿಡಕೊಂಡು ಕೂತೆ.

ಬೀಗ ಹಾಕಿದ ಬಾಗಿಲ ಮುಂದ ಎಲಿ ಇಟ್ಟು ಕಾಶವ್ವ ಅಂದಳಂತ, "ತಿಂದಿಲ್ರಿ. ವಾಪಸ್ ತಗೋರಿ. ನನ್ನ ಮಗನ್ನ ಕೊಡಂಗಿಲ್ಲ!"

ಒಳಗಿಂದ ಯಾರೋ ಮೆಲ್ಲಕ ಅಂದರಂತ...

"ತಡಾ ಆತವ್ವಾ."

ಅವರು ಓಡಿ ಬಂದಾಗ ಹುಡುಗ ನನ್ನ ತೊಡಿ ಮ್ಯಾಲನ ಇದ್ದ. ಉಸಿರು ಆಡತಿತ್ತು. ದೇವರ ಕಾಯ್ದ ಅಂತ ನಾ ಅತ್ತೆ. ಕಾಶವ್ವ ಕೌದಿ ಸರಿಸಿದಳು. ಎರಡೂ ಹಿಮ್ಮಡಿ ಸುಲದು ರಕ್ತ... ಮಿಲ್ಟ್ರಿ ಬೂಟು ಕಚ್ಚಿದಂಥ ಗಾಯ.

ಆ ಕೂಸು ಹುಟ್ಟಿದಾಗಿಂದ ಚಪ್ಪಲೀನೂ ಮೆಟ್ಟಿಲ್ಲ. ನಾ ಕೈ ಬಿಟ್ಟಿಲ್ಲ. ಸುಳ್ಳಂದ್ರ ನನ್ನ ನಾಲಿಗಿ ಸೇದಿ ಹೋಗಲಿ. ಬಾಜೂ ಖೋಲ್ಯಾಗ ಅದಾನ, ಹೋಗಿ ನೋಡ್ರಿ... ಮುಲಾಮು ಹಚ್ಚಿದರ ಸಂಜೀಕ ಗಾಯ ಆರತೈತಿ. ಮುಂಜಾನೆ ಮತ್ತ ಹಸಿ.