ಅಗ್ಗದ ಟಿಪ್ ಆರಿಸುವ ಬಗ್ಗೆ ಟಿಪ್ಪಕ್ಕನ ನಾಲ್ಕು ಮಾತು

ಈ ಸಭೆಯ ಮಾನ್ಯ ಅಧ್ಯಕ್ಷರೇ, ಅಂದರೆ ನನ್ನ ಒಡಹುಟ್ಟಿದ ಅಣ್ಣನವರೇ, ದೊಡ್ಡ ಕಾರಿನಲ್ಲಿ ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ಈಗಾಗಲೇ ಗಡಿಯಾರ ನೋಡಲು ಶುರು ಮಾಡಿರುವ ಕಾರ್ಯದರ್ಶಿಗಳೇ, ಕ್ಲಬ್ಬಿನ ಆಟಗಾರರೇ, ಆಟ ಬಾರದಿದ್ದರೂ ದುಬಾರಿ ಕೋಲು ಇಟ್ಟುಕೊಂಡಿರುವ ಬಹುಸಂಖ್ಯಾತ ಸಭಿಕರೇ,

ನಗಬಹುದು. ನಗುವುದಕ್ಕೆ ಸದಸ್ಯತ್ವ ಬೇಕಾಗಿಲ್ಲ.

ನನ್ನನ್ನು ನೀವೆಲ್ಲ ಟಿಪ್ಪಕ್ಕ ಎನ್ನುತ್ತೀರಿ. ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಕೂತು ನಿಮ್ಮ ಕೋಲುಗಳಿಗೆ ಟಿಪ್ ಕೂರಿಸುವವಳು. ಇಷ್ಟು ವರ್ಷಗಳಲ್ಲಿ ನನ್ನಿಂದ ಟಿಪ್ ಹಾಕಿಸಿಕೊಂಡವರು ಸಾವಿರ ಜನ, ನನಗೆ ಟಿಪ್ ಕೊಟ್ಟವರು ಇಬ್ಬರು. ಆ ಇಬ್ಬರೂ ಈಗ ಬೇರೆ ಕ್ಲಬ್ಬಿಗೆ ಹೋಗುತ್ತಿದ್ದಾರೆ.

ಇವತ್ತು ಮನೆಯವರನ್ನೂ ಕರೆದುಕೊಂಡು ಬಂದಿದ್ದೀರಿ. ಅವರಿಗೆ ಗೊತ್ತಾಗಲಿ ಎಂದು ಹೇಳುತ್ತೇನೆ. ಮೇಜಿನ ಮೇಲೆ ಚೆಂಡು ಹೊಡೆಯುವ ಪೂಲ್ ಆಟದ ಕೋಲಿನ ತುದಿಯಲ್ಲಿ ಅಂಗಿಯ ಗುಂಡಿಗಿಂತ ಸ್ವಲ್ಪ ಸಣ್ಣದೊಂದು ಚರ್ಮದ ಬಿಲ್ಲೆ ಇರುತ್ತದೆ. ಅದೇ ಟಿಪ್. ಇಡೀ ಕೋಲಿನಲ್ಲಿ ಚೆಂಡಿಗೆ ತಾಗುವುದು ಅದೊಂದೇ. ಉಳಿದದ್ದೆಲ್ಲ, ಆ ಕೆತ್ತನೆ, ಆ ಹಿಡಿ, ಆ ರೇಷ್ಮೆಯ ಚೀಲ, ನೀವು ನೋಡಲಿ ಎಂದು ಇರುವಂಥದ್ದು. ಹಿಂದೆ ಒಂದೇ ತುಂಡು ಚರ್ಮದಲ್ಲಿ ಟಿಪ್ ಮಾಡುತ್ತಿದ್ದರು. ಈಗ ತೆಳು ಚರ್ಮದ ಏಳೆಂಟು ಪದರಗಳನ್ನು ಅಂಟು ಹಾಕಿ ಒತ್ತಿ ಮಾಡುತ್ತಾರೆ. ಒಂದೇ ತುಂಡಿನದು ಒಂದೊಂದು ಒಂದೊಂದು ಥರ ಇರುತ್ತದೆ. ಪದರದ್ದು ಸವೆಯುವ ತನಕ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಅಂಥದ್ದನ್ನು ಕಡಿಮೆ ಬೆಲೆಗೆ ಆರಿಸುವುದು ಹೇಗೆ ಅಂತ ಹತ್ತು ನಿಮಿಷ ಹೇಳಿ ಅಕ್ಕ, ಅಷ್ಟು ಸಾಕು" ಎಂದಿದ್ದಾರೆ ಕಾರ್ಯದರ್ಶಿಗಳು. 'ಅಷ್ಟು ಸಾಕು' ಎಂಬುದನ್ನು ಎರಡು ಸಲ ಹೇಳಿದರು.

ಹಾಗಾಗಿ ವಿಷಯಕ್ಕೆ ಬರುತ್ತೇನೆ. ಮೆತ್ತಗಿನದು, ಮಧ್ಯಮದ್ದು, ಗಟ್ಟಿಯದು, ಹೀಗೆ ಮೂರು ಬಗೆ. ಮೆತ್ತಗಿನದು, ಜಾರದಿರಲೆಂದು ಹಚ್ಚುವ ಚಾಕ್ ಪುಡಿಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಚೆಂಡನ್ನು ಹೇಳಿದ ಹಾಗೆ ತಿರುಗಿಸುತ್ತದೆ, ಆದರೆ ಬೇಗ ಚಪ್ಪಟೆಯಾಗಿ ಅಂಚು ಅಣಬೆಯ ಹಾಗೆ ಹರಡಿಕೊಳ್ಳುತ್ತದೆ. ಗಟ್ಟಿಯದು ಬಾಳಿಕೆ ಬರುತ್ತದೆ, ಆದರೆ ಚಾಕ್ ಹಚ್ಚಲು ಮರೆತರೆ ಜಾರುತ್ತದೆ. ನಿಮ್ಮಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಮಧ್ಯಮದ್ದೇ ಸಾಕು. ಉಳಿದ ಹತ್ತು ಮಂದಿಗೆ ಯಾವುದನ್ನು ಹಾಕಿದರೂ ಅಷ್ಟೇ.

ನಮ್ಮ ಹಲ್ಲಿನ ಡಾಕ್ಟರು ಮೂರನೇ ಸಾಲಿನಲ್ಲಿದ್ದಾರೆ. ಸೋಮವಾರ ಬಂದು "ಅಕ್ಕಾ, ಟಿಪ್ ಕಲ್ಲಾಗಿದೆ, ಮೆತ್ತಗಿನದು ಹಾಕಿ" ಎಂದರು. ಹಾಕಿದೆ. ಗುರುವಾರ ಬಂದು "ತೀರಾ ಬೆಣ್ಣೆ ಆಯ್ತು" ಎಂದರು. ಕೋಲನ್ನು ತೆಗೆದುಕೊಂಡು ಹೋಗಿ ಅರ್ಧ ಗಂಟೆ ಗೋಡೆಗೆ ಒರಗಿಸಿಟ್ಟು, ಚಹಾ ಕುಡಿದು, ಹಾಗೇ ವಾಪಸು ಕೊಟ್ಟೆ. ಒಂದು ಏಟು ಹೊಡೆದು "ಆಹಾ, ಇದಪ್ಪಾ ಕೈಗುಣ!" ಎಂದರು. ಡಾಕ್ಟರೇ, ಬೇಜಾರು ಮಾಡಿಕೊಳ್ಳಬೇಡಿ. ನೀವೂ ನನ್ನ ಹಲ್ಲಿಗೆ ಅದನ್ನೇ ಮಾಡಿದ್ದೀರಿ ಎಂಬ ಅನುಮಾನ ನನಗಿದೆ.

ಇನ್ನು ಅಗ್ಗದ್ದನ್ನು ನಂಬುವುದು ಹೇಗೆ? ಕೈಯಿಂದ ನಂಬಬೇಕು, ಡಬ್ಬಿಯಿಂದಲ್ಲ. ಪಕ್ಕವನ್ನು ಉಗುರಿನಿಂದ ಒತ್ತಿ ನೋಡಿ, ಪದರ ಬಾಯಿ ಬಿಡಬಾರದು. ಒಂದೇ ಡಬ್ಬಿಯ ನಾಲ್ಕನ್ನು ಮೇಜಿನ ಮೇಲೆ ಬೀಳಿಸಿ, ನಾಲ್ಕೂ ಒಂದೇ ಸದ್ದು ಮಾಡಬೇಕು. ಮೂಸಿ ನೋಡಿ, ಚರ್ಮ ಚರ್ಮದ ವಾಸನೆಯನ್ನೇ ಕೊಡಬೇಕು. ಮೂಸುವುದನ್ನು ಅಪ್ಪ ಕಲಿಸಿದರು. ಅಪ್ಪ ಚರ್ಮದ ಚೀಲ ಹೊಲಿಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಣ್ಣು ಮುಚ್ಚಿಸಿ ನನ್ನ ಮೂಗಿನ ಹತ್ತಿರ ತುಂಡು ಹಿಡಿದು "ಯಾವ ಪ್ರಾಣಿದು ಹೇಳು ಮಗಾ" ಎನ್ನುತ್ತಿದ್ದರು. ಅಣ್ಣನಿಗೂ ಕಲಿಸಲು ನೋಡಿದರು. ಅವನಿಗೆ ಚರ್ಮದ ವಾಸನೆಗೆ ತಲೆನೋವು ಬರುತ್ತಿತ್ತು. ಹಾಗಾಗಿ ಅವನಿಗೆ ಹದಿನಾಲ್ಕು ತುಂಬಿದಾಗ ಪೂಲ್ ಕೋಲು ಬಂತು, ನನಗೆ ಹನ್ನೆರಡು ತುಂಬಿದಾಗ ದಬ್ಬಳ ಬಂತು.

ಅದರಲ್ಲಿ ತಪ್ಪೇನೂ ಇಲ್ಲ. ಅಣ್ಣ ಚೆನ್ನಾಗಿ ಆಡುತ್ತಿದ್ದ. ಸತತವಾಗಿ ಆರು ವರ್ಷ ಚಾಂಪಿಯನ್. ಎಲ್ಲರೂ ಅವನನ್ನು ಮಾಸ್ಟರ್ ಎನ್ನುತ್ತಿದ್ದರು, ಅಮ್ಮನೂ ಕೂಡ. ಆ ಆರೂ ವರ್ಷ ಅವನ ಕೋಲಿನ ತುದಿಯಲ್ಲಿದ್ದದ್ದು ಅಪ್ಪನ ಅಂಗಡಿಯ ಚೂರುಗಳಿಂದ ನಾನೇ ಮಾಡಿದ ಎಂಟು ಪದರದ ಟಿಪ್. ಖರ್ಚು ಎಂದರೆ ಅಂಟಿನದು ಮಾತ್ರ. ನೋಡಿ, ಅಗ್ಗದ್ದೂ ಒಳ್ಳೆಯದಿರಬಹುದು ಎಂಬುದಕ್ಕೆ ಇದು ಉದಾಹರಣೆ. ವಿಷಯ ಬಿಟ್ಟು ಹೋಗಿಲ್ಲ ನಾನು.

ಟಿಪ್ ಮಾಡುವವರಿಗೆ ಅದನ್ನು ಪರೀಕ್ಷಿಸಲೂ ಗೊತ್ತಿರಬೇಕಲ್ಲವೇ? ಆಗ ಬೆಳಿಗ್ಗೆ ಕ್ಲಬ್ಬಿನ ಬಾಗಿಲು ತೆಗೆದು ಮೇಜುಗಳ ಮೇಲಿನ ಚಾಕ್ ಪುಡಿ ಒರೆಸುವುದು ನನ್ನದೇ ಕೆಲಸ. ಆಟಗಾರರು ಬರುವ ಮೊದಲು ಒಂದು ತಾಸು ಸಿಗುತ್ತಿತ್ತು. ಹೊಸ ಟಿಪ್ ಹಾಕಿದ ಕೋಲಿನಲ್ಲಿ ಒಬ್ಬಳೇ ಆಡಿ ನೋಡುತ್ತಿದ್ದೆ. ಪರೀಕ್ಷೆಗಾಗಿ. ಎರಡು ವರ್ಷ ಪರೀಕ್ಷೆ ಮಾಡಿದೆ. ಒಂದು ದಿನ ಅಣ್ಣ ಬೇಗ ಬಂದವನು ಬಾಗಿಲಲ್ಲೇ ನಿಂತು ನೋಡಿದ. "ಏನೇ ಇದು? ಬಾ, ಐದು ಆಟ ಆಡೋಣ" ಎಂದ. ನಾಲ್ಕರಲ್ಲೇ ಮುಗಿಯಿತು. ಮೂರು ನನಗೆ, ಒಂದು ಅವನಿಗೆ. ಅವನು ಕೋಲಿನ ತುದಿಯನ್ನು ತಿರುಗಿಸಿ ನೋಡಿ, "ಬೀಗದ ಕೈ ಎಲ್ಲಿ?" ಎಂದು ಕೇಳಿದ. ಮಾರನೆಯ ದಿನದಿಂದ ಬಾಗಿಲು ತೆಗೆಯುವ ಕೆಲಸ ಬೇರೆಯವರದಾಯಿತು.

ಇದನ್ನು ಹೇಳಬೇಕೆಂದಿರಲಿಲ್ಲ. ಬಂದುಬಿಟ್ಟಿತು. ಮುಂದಕ್ಕೆ ಹೋಗೋಣ.

ಅಂಟಿನ ವಿಷಯ. ಎಷ್ಟೇ ಒಳ್ಳೆಯ ಟಿಪ್ ಇರಲಿ, ಅಂಟು ಒಣಗಲು ಬಿಡದಿದ್ದರೆ ಕೆಲಸ ಕೆಟ್ಟಿತು. ಕೋಲಿನ ತುದಿಯನ್ನು ಸಮ ಮಾಡಿ, ಉಜ್ಜಿ, ತೆಳುವಾಗಿ ಅಂಟು ಹಚ್ಚಿ, ಒತ್ತಿ ಕಟ್ಟಿ, ಒಂದು ದಿನ ಮುಟ್ಟಬಾರದು. ಇದಕ್ಕೂ ಉದಾಹರಣೆ ಬೇಕೇ? ಇಲ್ಲಿರುವ ಹಳಬರಿಗೆಲ್ಲ ಗೊತ್ತಿರುವ ಉದಾಹರಣೆಯೇ ಇದೆ.

ಹತ್ತೊಂಬತ್ತು ವರ್ಷದ ಹಿಂದಿನ ಫೈನಲ್. ಅಣ್ಣನ ಎದುರಾಳಿ ಲಿಫ್ಟ್ ರಿಪೇರಿ ಮಾಡುವ ಒಬ್ಬರು. ಕ್ಲಬ್ಬಿನ ಕೋಲನ್ನೇ ಕೇಳಿ ಪಡೆದು ಆಡುತ್ತಿದ್ದ ಮನುಷ್ಯ. ಮೊದಲು ಒಂಬತ್ತು ಆಟ ಗೆದ್ದವರಿಗೆ ಕಪ್. ಆಟದ ನಡುವೆ ಅಣ್ಣನ ಟಿಪ್ ಕಿತ್ತು ಹಾರಿ ಪ್ರೇಕ್ಷಕರ ಮಧ್ಯೆ ಬಿತ್ತು. ಅಣ್ಣ ಸೋತ. ಅದೇ ಸಂಜೆ ಕಪ್ ಕೊಡುವಾಗ ಮೈಕಿನಲ್ಲಿ ಹೇಳಿದ: "ಮನೆಯವರ ಕೈಗೆ ಕೆಲಸ ಕೊಟ್ಟರೆ ಹೀಗೇ ಆಗುತ್ತದೆ." ಸಭೆ ಚೆನ್ನಾಗಿ ನಕ್ಕಿತು. ನಿಮ್ಮಲ್ಲಿ ಕೆಲವರು ಆವತ್ತೂ ನಕ್ಕಿದ್ದೀರಿ, ಸದ್ದು ಗುರುತು ಹತ್ತುತ್ತದೆ.

ನಾನಿರಲಿಲ್ಲ. ಅಮ್ಮನಿಗೆ ಹುಷಾರಿರಲಿಲ್ಲ, ಪಕ್ಕದಲ್ಲಿ ಕೂತಿದ್ದೆ. ಮಾರನೆಯ ದಿನ ಬೆಂಚಿಗೆ ಬಂದಾಗ ಯಾರೋ ಆ ಟಿಪ್ಪನ್ನು ನನ್ನ ಅಂಟಿನ ಡಬ್ಬಿಯ ಮೇಲೆ ಇಟ್ಟಿದ್ದರು, ಕಾಗದದಲ್ಲಿ ಸುತ್ತಿ, ಮೇಲೆ 'ಅಭಿನಂದನೆಗಳು' ಎಂದು ಬರೆದು. ಬಿಚ್ಚಿ ನೋಡಿದೆ. ನನ್ನದಲ್ಲ. ನನ್ನದರಲ್ಲಿ ಎಂಟು ಕಂದು ಪದರ. ಅದರಲ್ಲಿ ನಡುವೆ ಒಂದು ನೀಲಿ ಪದರ. ಅಂಟು ಇನ್ನೂ ಹಸಿ, ಉಗುರಿಗೆ ಹತ್ತಿತು. ವಿಚಾರಿಸಿದೆ. ಪಂದ್ಯದ ಬೆಳಿಗ್ಗೆ ಒಬ್ಬ ಏಜೆಂಟರು ಬಂದು ಬೇರೆ ದೇಶದ ಟಿಪ್ ಪುಕ್ಕಟೆ ಕೊಟ್ಟು, "ಮಾಸ್ಟರ್, ನಿಮ್ಮಂಥವರ ಕೋಲಿಗೆ ಇದು" ಎಂದು ಅಲ್ಲೇ ನಿಂತು ಅಂಟಿಸಿಕೊಟ್ಟಿದ್ದರು. ನನ್ನ ಟಿಪ್ಪನ್ನು ಕೆರೆದು ಬಿಸಾಕಿದ್ದರು.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಕೇಳಿಸಿಕೊಂಡು, "ಸುಮ್ಮನಿರು ತಾಯಿ. ಅವನು ನಾಲ್ಕು ಜನರ ಮುಂದೆ ಓಡಾಡುವವನು. ನೀನು ಮೂಲೆಯಲ್ಲಿ ಕೂತು ಕೆಲಸ ಮಾಡುವವಳು, ನಿನ್ನ ಮುಖ ಯಾರು ನೋಡ್ತಾರೆ?" ಎಂದರು. ಪ್ರೀತಿಯಿಂದಲೇ ಹೇಳಿದರು. ಅದೇ ಕಷ್ಟ. ಸುಮ್ಮನಿದ್ದೆ. ಕ್ಲಬ್ಬಿನವರು ಬೆಂಚು ಖಾಲಿ ಮಾಡಿಸಿದರು. ನಾಲ್ಕು ವರ್ಷ ಒಂದು ಕಾರ್ಖಾನೆಯಲ್ಲಿ ಬೆಲ್ಟಿಗೆ ತೂತು ಹಾಕಿದೆ. ದಿನಕ್ಕೆ ಎಂಟುನೂರು ಬೆಲ್ಟು, ಒಂದಕ್ಕೆ ಐದು ತೂತು. ಆಮೇಲೆ ಇಲ್ಲಿ ಬೇರೆ ಯಾರೂ ಸರಿಯಾಗಿ ಟಿಪ್ ಕೂರಿಸಲಾರದೆ ಕರೆದರು. ಅಣ್ಣನೇ ಬಂದು ಕರೆದ. "ಹಳೇದೆಲ್ಲ ಮರೆತುಬಿಡೋಣ" ಎಂದ. ಮರೆಯಬೇಕಾದವರು ಯಾರು, ಮರೆಯಬೇಕಾದ್ದು ಏನು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಇವತ್ತು ನಿಮ್ಮ ಹತ್ತು ನಿಮಿಷ ಉಳಿಯುತ್ತಿತ್ತು.

ಈಗ ಇವತ್ತಿನ ವಿಷಯ. ಮುಖ್ಯ ಅತಿಥಿಗಳು ಹೊಸ ಟಿಪ್ ಮಾರುಕಟ್ಟೆಗೆ ತಂದಿದ್ದಾರೆ. ಹತ್ತು ಪದರ, ಅಪ್ಪಟ ಚರ್ಮ, ಅಗ್ಗದ ಬೆಲೆ, ಡಬ್ಬಿಯ ಮೇಲೆ ನಮ್ಮ ಮಾಸ್ಟರ್ ಫೋಟೋ. ಫೋಟೋ ಚೆನ್ನಾಗಿ ಬಂದಿದೆ, ಇಪ್ಪತ್ತು ವರ್ಷ ಹಳೆಯದು. ಈ ಭಾಷಣದ ಕೊನೆಗೆ ನಾನು ಓದಬೇಕಾದ ಒಂದು ಕಾಗದವನ್ನೂ ಕೊಟ್ಟಿದ್ದಾರೆ. ಇಗೋ. "ಕಲಿಯುವ ಪ್ರತಿಯೊಬ್ಬರೂ ಇದನ್ನೇ ಬಳಸಬೇಕೆಂದು ನನ್ನ ಮೂವತ್ತು ವರ್ಷಗಳ ಅನುಭವದಿಂದ ಹೇಳುತ್ತೇನೆ" ಎಂದಿದೆ. ಓದಿದರೆ ಮೆಟ್ಟಿಲ ಕೆಳಗಿನಿಂದ ಮೇಲಿನ ಗಾಜಿನ ಕೋಣೆಗೆ ನನ್ನ ಬೆಂಚು ಹೋಗುತ್ತದೆ. ಅಣ್ಣನೇ ಹೇಳಿದ, "ನಿನಗೂ ಒಂದು ಮರ್ಯಾದೆ ಬೇಡವೇನೇ?"

ಬೇಕು. ಅದಕ್ಕೇ ಒಂದು ಟಿಪ್ಪನ್ನು ಬ್ಲೇಡಿನಿಂದ ನಡುವೆ ಕತ್ತರಿಸಿ ನೋಡಿದೆ. ಮೇಲೆ ಎರಡು ಪದರ ಚರ್ಮ, ಕೆಳಗೆ ಎರಡು ಪದರ ಚರ್ಮ. ನಡುವಿನ ಆರು ಪದರ ಬಣ್ಣ ಬಳಿದ ರಟ್ಟು. ಅನುಮಾನವಾಗಿ ಇನ್ನೂ ಮೂರನ್ನು ಕತ್ತರಿಸಿದೆ. ರಟ್ಟು, ರಟ್ಟು, ರಟ್ಟು. ಚೂರುಗಳು ಬಾಗಿಲ ಹತ್ತಿರದ ತಟ್ಟೆಯಲ್ಲಿವೆ, ಹೋಗುವಾಗ ನೋಡಿಕೊಂಡು ಹೋಗಿ. ಅತಿಥಿಗಳೇ, ಕೂತುಕೊಳ್ಳಿ, ನಿಮ್ಮ ಕಾರಿಗೆ ಅಡ್ಡವಾಗಿ ಬ್ಯಾಂಡಿನವರ ವ್ಯಾನ್ ನಿಂತಿದೆ, ಈಗಲೇ ಹೊರಡಲು ಆಗುವುದಿಲ್ಲ.

ಕಾಗದ ಓದುವುದಿಲ್ಲ ನಾನು. ನಾಳೆಯಿಂದ ಮೆಟ್ಟಿಲ ಕೆಳಗೂ ನಾನಿರುವುದಿಲ್ಲ. ಎದುರು ಬೀದಿಯಲ್ಲಿ ಬೀಗ ರಿಪೇರಿ ಮಾಡುವ ವಿಧವೆ ಹೆಂಗಸೊಬ್ಬರು ತಮ್ಮ ಅಂಗಡಿಯಲ್ಲಿ ಅರ್ಧ ಮೇಜು ಬಿಟ್ಟುಕೊಟ್ಟಿದ್ದಾರೆ. ಡಬ್ಬಿ ಇಲ್ಲದೆ ಬಿಡಿಯಾಗಿ ಬರುವ ಏಳು ಪದರದ ಮಧ್ಯಮ ಟಿಪ್ ಅಲ್ಲಿ ಸಿಗುತ್ತದೆ. ಅದಕ್ಕೆ ಹೆಸರಿಲ್ಲ. ಫೋಟೋ ಇಲ್ಲ. ಕತ್ತರಿಸಿ ತೋರಿಸಿ ಎಂದರೆ ಕತ್ತರಿಸಿ ತೋರಿಸುತ್ತೇನೆ.

ಕೊನೆಯದಾಗಿ ಒಂದು ಮಾತು. ಹೋದ ತಿಂಗಳು ಈ ಕಟ್ಟಡದ ಲಿಫ್ಟ್ ಕೆಟ್ಟಾಗ ರಿಪೇರಿಗೆ ಬಂದವರು ಅವರೇ, ಅಣ್ಣನನ್ನು ಸೋಲಿಸಿದವರು. ಕೂದಲು ಹಣ್ಣಾಗಿದೆ. ನನ್ನ ಬೆಂಚಿನಲ್ಲಿ ಕೂತು ಚಹಾ ಕುಡಿದರು. ನಾನು ಧೈರ್ಯ ಮಾಡಿ, "ಆವತ್ತು ಆ ಟಿಪ್ ಹಾರದಿದ್ದರೆ ಅಣ್ಣ ಗೆಲ್ಲುತ್ತಿದ್ದನಾ?" ಎಂದು ಕೇಳಿದೆ. ಹತ್ತೊಂಬತ್ತು ವರ್ಷ ನನ್ನನ್ನು ಕೊರೆದ ಪ್ರಶ್ನೆ ಅದು. ನನ್ನ ಟಿಪ್ಪೇ ಇದ್ದಿದ್ದರೆ, ಅವನು ಒಂದು ಮಾತು ನನ್ನನ್ನು ಕೇಳಿದ್ದರೆ ಎಂದೆಲ್ಲ ಬೆಲ್ಟಿಗೆ ತೂತು ಹಾಕುತ್ತಾ ಯೋಚಿಸಿದ್ದೇನೆ. ಅವರು ನನ್ನ ಮುಖವನ್ನೇ ನೋಡಿದರು. "ಏನಮ್ಮಾ, ನಿಮಗೆ ಯಾರೂ ಹೇಳಲಿಲ್ವಾ? ಟಿಪ್ ಹಾರಿದಾಗ ಆಟ ಎಂಟು-ಒಂದು ಇತ್ತು. ಎಂಟು ನಂದು" ಎಂದರು.

ಎಂಟು-ಒಂದು, ಸಭಿಕರೇ. ಆವತ್ತು ಕಣ್ಣಾರೆ ನೋಡಿದವರು ಈ ಸಭೆಯಲ್ಲಿ ಹತ್ತಾರು ಜನ ಇದ್ದೀರಿ. ಟಿಪ್ ಯಾರ ಕುರ್ಚಿಯ ಕೆಳಗೆ ಬಿತ್ತು ಎಂಬುದು ನೆನಪಿದೆ. ನಾನು ಕೆಲಸಗೇಡಿ ಎಂಬುದು ನೆನಪಿದೆ. ಅಂಕ ಮಾತ್ರ ಒಬ್ಬರಿಗೂ ನೆನಪಿರಲಿಲ್ಲ. ಅಣ್ಣಾ, ಸೋತಿದ್ದರೆ ಸೋತೆ ಎನ್ನಬಹುದಿತ್ತು ಕಣೋ. ಮನೆಗೆ ಬಂದಿದ್ದರೆ ನಾನೇ ಊಟ ಬಡಿಸುತ್ತಿದ್ದೆ.

ಆಯಿತು. ತಾಳ್ಮೆಯಿಂದ ಕೇಳಿದವರಿಗೂ, ಬೇರೆ ದಾರಿ ಇಲ್ಲದೆ ಕೇಳಿದವರಿಗೂ, ಸನ್ನೆಯ ಮೇಲೆ ಸನ್ನೆ ಬಂದರೂ ಮೈಕ್ ಬಂದ್ ಮಾಡದ ಧ್ವನಿವರ್ಧಕದವರಿಗೂ ನನ್ನ ವಂದನೆ. ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರಿಗೆ ಬೇರೆಯಾಗಿ ಇನ್ನೊಂದು ನಮಸ್ಕಾರ. ಎಷ್ಟಾದರೂ ನನಗಿಂತ ದೊಡ್ಡವನು.